ಕಿಡ್ನಿ ಡಾಕ್ಟರು ಮಗುವಿಗೆ ಕಿವಿ ಪರೀಕ್ಷೆ ಬರೆದಿದ್ದಾರೆ, ಇದಕ್ಕೂ ಅದಕ್ಕೂ ಏನು ಸಂಬಂಧ?

ಪಾವಗಡದ ಚಿಕ್ಕಪ್ಪ
ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣನ ಮಗಳಿಗೆ ಎರಡೂವರೆ ವರ್ಷ. ತೂಕ ಏರುತ್ತಿಲ್ಲ, ಎತ್ತರವೂ ಇಲ್ಲ. ಆಗಾಗ ವಾಂತಿ. ನೀರು ಎಷ್ಟು ಕುಡಿದರೂ ಇನ್ನೂ ಬೇಕು ಅನ್ನುತ್ತಾಳೆ, ರಾತ್ರಿ ಎದ್ದು ಚೊಂಬು ಹುಡುಕುತ್ತಾಳೆ. ನಡೆಯೋಕೆ ಶುರು ಮಾಡಿದ ಮೇಲೆ ಕಾಲು ಸೊಟ್ಟ ಆಗುತ್ತಾ ಬಂತು. ನಮ್ಮ ಕಡೆ ಕಾಲು ಸೊಟ್ಟ ಅಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಬೋರ್‌ವೆಲ್ ನೀರಿನ ಫ್ಲೋರೈಡ್. ಡಾಕ್ಟರೊಬ್ಬರು ರಿಕೆಟ್ಸ್ ಅಂತ ಹೇಳಿ ವಿಟಮಿನ್ ಡಿ ಪುಡಿ ಬರೆದರು. ಆಮೇಲೆ ಇನ್ನೊಬ್ಬರು ಅದನ್ನೇ ಇಂಜೆಕ್ಷನ್ ಕೊಟ್ಟರು. ಏನೂ ಸುಧಾರಿಸಲಿಲ್ಲ.

ಈಗ ಬೆಂಗಳೂರಿನಲ್ಲಿ ಮಕ್ಕಳ ಕಿಡ್ನಿ ಡಾಕ್ಟರಿಗೆ ತೋರಿಸಿದ್ದೇವೆ. ರಿಪೋರ್ಟ್ ಹೀಗಿದೆ: ಸೋಡಿಯಂ 138, ಪೊಟ್ಯಾಸಿಯಂ 2.6, ಕ್ಲೋರೈಡ್ 114, ಬೈಕಾರ್ಬನೇಟ್ 14, ರಕ್ತದ ಪಿಎಚ್ 7.28, ಮೂತ್ರದ ಪಿಎಚ್ 7. ಸ್ಕ್ಯಾನ್‌ನಲ್ಲಿ ಎರಡೂ ಕಿಡ್ನಿಯಲ್ಲಿ ನೆಫ್ರೋಕ್ಯಾಲ್ಸಿನೋಸಿಸ್ ಅಂತ ಬರೆದಿದ್ದಾರೆ. "ಡಿಸ್ಟಲ್ ಆರ್‌ಟಿಎ" ಅಂದರು. ಎಟಿಪಿ6ವಿ1ಬಿ1 ಅನ್ನುವ ಜೀನ್ ಮೇಲೆ ಅನುಮಾನ ಇದೆಯಂತೆ, ಜೀನ್ ಟೆಸ್ಟ್ ಮಾಡಿಸಿ ಅಂದರು. ಜೊತೆಗೆ ಕಿವಿಗೆ ಬೆರಾ ಟೆಸ್ಟ್ ಬರೆದುಕೊಟ್ಟರು. ಹೊರಗೆ ನೂರು ಜನ ಕಾಯುತ್ತಿದ್ದರು, ಕೇಳೋಕೆ ಸಮಯ ಸಿಗಲಿಲ್ಲ.

ಕಿಡ್ನಿಗೂ ಕಿವಿಗೂ ಏನು ಸಂಬಂಧ? ಇದು ವಾಸಿಯಾಗುತ್ತಾ? ಇನ್ನೊಂದು ಮಾತು, ಅತ್ತಿಗೆ ಬೇರೆ ಯಾರೂ ಅಲ್ಲ, ನಮ್ಮ ದೊಡ್ಡಕ್ಕನ ಮಗಳೇ. ಈಗ ಮನೆಯಲ್ಲಿ ಅದರ ಮೇಲೆ ದಿನಾ ಜಗಳ.

ಸುಮ್ನೆ ಓದುವವ
ಕಿಡ್ನಿ ಫೇಲ್ ಆದರೆ ರಕ್ತದಲ್ಲಿ ಆಸಿಡ್ ಸೇರುತ್ತೆ. ಡಯಾಲಿಸಿಸ್‌ಗೆ ಈಗಲೇ ವಿಚಾರಿಸಿಕೊಳ್ಳಿ.

ಮಕ್ಕಳ ವಾರ್ಡ್
ಮೇಲಿನವರೇ, ದಯವಿಟ್ಟು ಹೀಗೆ ಹೆದರಿಸಬೇಡಿ. ಆರ್‌ಟಿಎ ಅಂದರೆ ರೀನಲ್ ಟ್ಯೂಬ್ಯುಲರ್ ಅಸಿಡೋಸಿಸ್, ಕಿಡ್ನಿ ನಳಿಕೆಗಳ ತೊಂದರೆ. ಇದು ಕಿಡ್ನಿ ಫೇಲ್ ಅಲ್ಲ. ಸೋಸುವ ಕೆಲಸ ನಡೆಯುತ್ತಲೇ ಇರುತ್ತದೆ, ಈ ವಯಸ್ಸಿನಲ್ಲಿ ಅದನ್ನು ತೋರಿಸುವ ಕ್ರಿಯಾಟಿನಿನ್ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತದೆ. ಕೆಟ್ಟಿರುವುದು ಒಂದೇ ಕೆಲಸ: ಆಸಿಡ್ ಅನ್ನು ಮೂತ್ರಕ್ಕೆ ಹಾಕುವುದು.

ಚಿಕ್ಕಪ್ಪ ಅವರೇ, ನಾನು ಮಕ್ಕಳ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದೇನೆ. ನಿಮ್ಮ ಡಾಕ್ಟರು ಹೇಳಿದ್ದಕ್ಕೆ ಅಡ್ಡ ಹೇಳುವುದಿಲ್ಲ, ಬಿಡಿಸಿ ಹೇಳುತ್ತೇನೆ ಅಷ್ಟೇ. ನಾವು ತಿಂದದ್ದು ಕರಗುವಾಗ ದಿನಾ ಸ್ವಲ್ಪ ಆಸಿಡ್ ಉಳಿಯುತ್ತದೆ. ಬೆಳೆಯುವ ಮಕ್ಕಳಲ್ಲಿ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಜಾಸ್ತಿ. ಅದನ್ನು ಹೊರಗೆ ಹಾಕುವುದು ಕಿಡ್ನಿ ನಳಿಕೆಗಳ ಕೊನೆಯ ಭಾಗದ ಕೆಲವು ಜೀವಕೋಶಗಳು. ಅವು ಹಾಕದಿದ್ದರೆ ಆಸಿಡ್ ರಕ್ತದಲ್ಲೇ ನಿಲ್ಲುತ್ತದೆ. ದೇಹ ಅದನ್ನು ತಗ್ಗಿಸೋಕೆ ಮೂಳೆಯನ್ನು ಕರಗಿಸುತ್ತದೆ. ಮೂಳೆಯಿಂದ ಬಂದ ಕ್ಯಾಲ್ಸಿಯಂ ಮೂತ್ರಕ್ಕೆ ಇಳಿಯುತ್ತದೆ. ಕಲ್ಲಾಗದಂತೆ ತಡೆಯುವ ಸಿಟ್ರೇಟ್ ಮೂತ್ರದಲ್ಲಿ ಕಡಿಮೆ, ಮೇಲೆ ಮೂತ್ರ ಕ್ಷಾರೀಯ. ಹಾಗಾಗಿ ಕ್ಯಾಲ್ಸಿಯಂ ಫಾಸ್ಫೇಟ್ ಕಿಡ್ನಿಯೊಳಗೇ ಕೂರುತ್ತದೆ. ಸ್ಕ್ಯಾನ್‌ನಲ್ಲಿ ಬಂದ ನೆಫ್ರೋಕ್ಯಾಲ್ಸಿನೋಸಿಸ್ ಅದೇ. ಕಾಲು ಸೊಟ್ಟ, ಎತ್ತರ ಇಲ್ಲ, ಬಾಯಾರಿಕೆ, ಕಿಡ್ನಿಯಲ್ಲಿ ಸುಣ್ಣ, ಎಲ್ಲಕ್ಕೂ ಬೇರು ಒಂದೇ.

ವಿಟಮಿನ್ ಡಿ ಮೇಲಿಂದ ಮೇಲೆ ಕೊಟ್ಟದ್ದು ಕೆಲಸ ಮಾಡದಿರೋಕೂ ಇದೇ ಕಾರಣ. ಕೊರತೆ ಇಲ್ಲದಿದ್ದಾಗ ದೊಡ್ಡ ಡೋಸ್ ಕೊಟ್ಟರೆ ಮೂತ್ರದ ಕ್ಯಾಲ್ಸಿಯಂ ಇನ್ನೂ ಏರಬಹುದು. ಈಗ ಮುಂದುವರಿಸಬೇಕಾ ಅಂತ ನಿಮ್ಮ ಡಾಕ್ಟರನ್ನು ಒಂದು ಸಲ ಬಾಯಿಬಿಟ್ಟು ಕೇಳಿ.

ದಾವಣಗೆರೆ ಲ್ಯಾಬ್
ರಿಪೋರ್ಟ್ ನೋಡಿದ ತಕ್ಷಣ ನನಗೆ ಹೊಳೆದದ್ದು ಬೇರೆ. 138ರಲ್ಲಿ 114 ಮತ್ತು 14 ಕಳೆಯಿರಿ. ಉಳಿಯುವುದು 10. ಇದಕ್ಕೆ ಅನಯಾನ್ ಗ್ಯಾಪ್ ಅನ್ನುತ್ತಾರೆ, 10 ಅಂದರೆ ನಾರ್ಮಲ್. ಅಂದರೆ ಬೇರೆ ಯಾವುದೋ ಆಸಿಡ್ ಬಂದು ಸೇರಿದ್ದಲ್ಲ. ರಕ್ತದ ಕ್ಷಾರವಾದ ಬೈಕಾರ್ಬನೇಟ್ ಕಡಿಮೆ ಆಗಿದೆ, ಆ ಜಾಗಕ್ಕೆ ಕ್ಲೋರೈಡ್ ಬಂದು ಕೂತಿದೆ. ರಕ್ತ ಇಷ್ಟು ಆಸಿಡ್ ಇರುವಾಗ ಮೂತ್ರದ ಪಿಎಚ್ 5.5ಕ್ಕಿಂತ ಕೆಳಗೆ ಇಳಿಯಬೇಕು. ಇಲ್ಲಿ 7ರಲ್ಲಿ ನಿಂತಿದೆ. ಕತೆ ಅಲ್ಲೇ ಗೊತ್ತಾಗುತ್ತದೆ.

ಬೇಜಾರಿನ ವಿಷಯ ಹೇಳಲಾ? ಸಣ್ಣ ಊರುಗಳಲ್ಲಿ ಎಲೆಕ್ಟ್ರೋಲೈಟ್ಸ್ ಅಂತ ಬರೆದರೆ ಎಷ್ಟೋ ಕಡೆ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಇಷ್ಟೇ ಮಾಡುತ್ತಾರೆ. ಬೈಕಾರ್ಬನೇಟ್ ಇರುವುದೇ ಇಲ್ಲ. ಮಗು ಕಾಲು ಸೊಟ್ಟ ಅಂತ ಬಂದರೆ ಕ್ಯಾಲ್ಸಿಯಂ, ಫಾಸ್ಫರಸ್, ವಿಟಮಿನ್ ಡಿ ಮೂರಕ್ಕೆ ಚೀಟಿ ಬರುತ್ತದೆ. ಅಪಧಮನಿಯೋ ಸಿರೆಯೋ, ರಕ್ತದ ಪಿಎಚ್, ಬೈಕಾರ್ಬನೇಟ್ ತೋರಿಸುವ ಒಂದು ಬ್ಲಡ್ ಗ್ಯಾಸ್ ಟೆಸ್ಟ್ ಜೊತೆಗೆ ಬರೆಯೋಕೆ ಏನು ಕಷ್ಟ?

ಹಳೇ ತಲೆ
ಫ್ಲೋರೈಡ್ ಅಲ್ಲ ಅಂತ ಇಷ್ಟು ಸುಲಭವಾಗಿ ಹೇಳಬೇಡಿ. ಪಾವಗಡ, ಕೋಲಾರ, ರಾಯಚೂರು ಕಡೆ ಎಷ್ಟು ಜನರ ಹಲ್ಲು ಕಾಲು ಹೋಗಿದೆ ನಾನು ನೋಡಿದ್ದೇನೆ.

ದಾವಣಗೆರೆ ಲ್ಯಾಬ್
ಫ್ಲೋರೈಡ್ ಇಲ್ಲ ಅಂತ ಯಾರು ಹೇಳಿದರು ಸಾರ್? ಇದೆ. ಆದರೆ ಫ್ಲೋರೈಡ್ ಒಂದೇ ಇದ್ದರೆ ಎರಡೂವರೆ ವರ್ಷದ ಮಗುವಿನ ಪೊಟ್ಯಾಸಿಯಂ 2.6ಕ್ಕೆ, ಬೈಕಾರ್ಬನೇಟ್ 14ಕ್ಕೆ ಬರುವುದಿಲ್ಲ. ಊರಲ್ಲಿ ಒಂದು ಕಾಯಿಲೆ ಮಾಮೂಲಿ ಅಂತ ಇನ್ನೊಂದು ಬರಬಾರದು ಅಂತೇನಿಲ್ಲವಲ್ಲ.

ಜೀವಕೋಶ
ನನ್ನ ವಿಷಯ ಬಂತು, ಸ್ವಲ್ಪ ಉದ್ದ ಆಗುತ್ತೆ ಸಹಿಸಿಕೊಳ್ಳಿ. ಡಿಗ್ರಿ ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುತ್ತೇನೆ.

ಚಿಕ್ಕಪ್ಪ ಹೇಳಿದ ಜೀನ್ ಒಂದು ಪಂಪಿಗೆ ಸೇರಿದ್ದು, ಅದರ ಹೆಸರು ವಿ-ಎಟಿಪೇಸ್. ಜೀವಕೋಶದ ಇಂಧನವಾದ ಎಟಿಪಿಯನ್ನು ಒಡೆದು ಬಂದ ಶಕ್ತಿಯಲ್ಲಿ ಪ್ರೋಟಾನ್‌ಗಳನ್ನು, ಅಂದರೆ ಆಸಿಡ್ಡನ್ನು, ಪೊರೆಯ ಆಚೆಗೆ ತಳ್ಳುತ್ತದೆ. ಇದು ನಿಜಕ್ಕೂ ತಿರುಗುವ ಯಂತ್ರ. ಜೀವಕೋಶದ ಒಳಭಾಗಕ್ಕೆ ಇರುವ ತುಂಡಿಗೆ ವಿ1 ಅನ್ನುತ್ತಾರೆ. ಅದರಲ್ಲಿ ಎ ಅನ್ನುವ ಪ್ರೋಟೀನ್ ಮೂರು, ಬಿ ಅನ್ನುವುದು ಮೂರು, ಒಂದು ಬಿಟ್ಟು ಒಂದರಂತೆ ವೃತ್ತದಲ್ಲಿ ಕೂತಿರುತ್ತವೆ. ಇವೆರಡರ ಸಂದಿಯಲ್ಲಿ ಎಟಿಪಿ ಒಡೆಯುತ್ತದೆ, ನಡುವಿನ ದಂಡ ತಿರುಗುತ್ತದೆ. ಪೊರೆಯಲ್ಲಿ ಹುದುಗಿರುವ ತುಂಡು ವಿ0. ದಂಡದ ಜೊತೆ ಅಲ್ಲಿನ ಉಂಗುರವೂ ತಿರುಗಿ ಪ್ರೋಟಾನ್ ಆಚೆಗೆ ಹೋಗುತ್ತದೆ.

ಈ ಪಂಪ್ ಮೈಯ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಇದೆ. ಹಾಗಿದ್ದರೆ ಜೀನ್ ಕೆಟ್ಟ ಮಗು ಬದುಕಿದ್ದು ಹೇಗೆ? ಇಲ್ಲೇ ಮಜಾ ಇರುವುದು. ಬಿ ಭಾಗದಲ್ಲಿ ಎರಡು ಬಗೆ. ಬಿ2 ಎಲ್ಲ ಕಡೆ ಕೆಲಸ ಮಾಡುತ್ತದೆ. ಬಿ1 ಕೆಲವೇ ಜಾಗಗಳಲ್ಲಿ: ಕಿಡ್ನಿ ನಳಿಕೆಯ ಕೊನೆಯ ಇಂಟರ್‌ಕಲೇಟೆಡ್ ಕೋಶಗಳಲ್ಲಿ, ಒಳಕಿವಿಯಲ್ಲಿ, ಇನ್ನೂ ಒಂದೆರಡು ಕಡೆ. ಎಟಿಪಿ6ವಿ1ಬಿ1 ಜೀನ್ ತಯಾರಿಸುವುದು ಈ ಬಿ1 ಅನ್ನು. ಇದು 2ನೇ ಕ್ರೋಮೋಸೋಮ್‌ನಲ್ಲಿದೆ. ಹಾಗಾಗಿ ಲಿವರ್, ಹೃದಯ, ಮಿದುಳು ಎಲ್ಲ ಬಿ2 ಇಟ್ಟುಕೊಂಡು ಆರಾಮಾಗಿರುತ್ತವೆ, ಪೆಟ್ಟು ಬೀಳುವುದು ಕಿಡ್ನಿಗೆ ಮತ್ತು ಕಿವಿಗೆ. ಬೆರಾ ಬರೆದದ್ದು ಅದಕ್ಕೇ. 1999ರಲ್ಲಿ ಫಿಯೋನಾ ಕ್ಯಾರೆಟ್ ಮತ್ತು ಜೊತೆಗಾರರು ಈ ಜೀನನ್ನೂ ಕಿವುಡುತನದ ಜೊತೆ ಬರುವ ಡಿಸ್ಟಲ್ ಆರ್‌ಟಿಎಯನ್ನೂ ಜೋಡಿಸಿ ತೋರಿಸಿದರು. ಮುಂದಿನ ವರ್ಷವೇ ಇದೇ ಪಂಪಿನ ವಿ0 ಭಾಗದ ಇನ್ನೊಂದು ಜೀನ್ ಸಿಕ್ಕಿತು, ಎಟಿಪಿ6ವಿ0ಎ4. ಅದು 7ನೇ ಕ್ರೋಮೋಸೋಮ್‌ನಲ್ಲಿದೆ.

ಗ್ಯಾಸ್ಟ್ರಿಕ್ ಗಿರಾಕಿ
ಅಯ್ಯೋ ಒಂದು ನಿಮಿಷ. ನಾನು ವರ್ಷಗಟ್ಟಲೆಯಿಂದ ಬೆಳಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದೇನೆ. ಅದರ ಮೇಲೆ ಪ್ರೋಟಾನ್ ಪಂಪ್ ಇನ್ಹಿಬಿಟರ್ ಅಂತಲೇ ಇದೆ. ಹಾಗಾದರೆ ನಾನೇ ನನ್ನ ಕಿಡ್ನಿ ಪಂಪ್ ಬಂದ್ ಮಾಡಿಕೊಳ್ಳುತ್ತಿದ್ದೇನಾ?

ಜೀವಕೋಶ
ಇಲ್ಲ ಸಾರ್. ಹೊಟ್ಟೆಯ ಪಂಪ್ ಬೇರೆ ಕುಲ. ಅದು ಒಂದು ಪ್ರೋಟಾನ್ ಹೊರಗೆ ಹಾಕಿ ಒಂದು ಪೊಟ್ಯಾಸಿಯಂ ಒಳಗೆ ಎಳೆಯುತ್ತದೆ, ಅದರಲ್ಲಿ ತಿರುಗುವ ಉಂಗುರ ಇಲ್ಲ. ನಿಮ್ಮ ಮಾತ್ರೆ ಅದನ್ನು ಹಿಡಿಯುತ್ತದೆ. ವಿ-ಎಟಿಪೇಸ್ ಅದರ ಕೈಗೆ ಸಿಗುವುದಿಲ್ಲ.

ಮಕ್ಕಳ ವಾರ್ಡ್
ಆದರೂ ವರ್ಷಗಟ್ಟಲೆ ಯಾರನ್ನೂ ಕೇಳದೆ ನುಂಗುವುದು ಒಳ್ಳೆಯದಲ್ಲ. ಆ ಮಾತ್ರೆಯಿಂದ ಕೆಲವರಿಗೆ ಕಿಡ್ನಿಯಲ್ಲಿ ಬೇರೆ ಬಗೆಯ ಊತ ಬರುತ್ತದೆ, ಮೆಗ್ನೀಸಿಯಂ ಇಳಿಯುತ್ತದೆ. ಡಾಕ್ಟರಿಗೆ ತೋರಿಸಿ ಬೇಕಾ ಬೇಡವಾ ನಿರ್ಧರಿಸಿ.

ಗ್ಯಾಸ್ಟ್ರಿಕ್ ಗಿರಾಕಿ
ರಾತ್ರಿ ಹತ್ತೂವರೆಗೆ ಬಿರಿಯಾನಿ ತಿನ್ನುವುದು ಬಿಟ್ಟರೆ ಬೇಡವಾಗುತ್ತೆ ಅಂತ ನನ್ನ ಹೆಂಡತಿ ಹೇಳುತ್ತಾಳೆ. ನೀವೂ ಅವಳ ಕಡೆಯೇ.

ಶಿರಸಿ ಸೀಮೆ
ಇಷ್ಟೆಲ್ಲ ಜೀನು ಗೀನು ಅನ್ನುವ ಬದಲು ಬಾಳೆದಿಂಡಿನ ರಸ ಕೊಡಿ. ನಮ್ಮ ಮನೆಯಲ್ಲಿ ಮೂರು ಜನರ ಕಿಡ್ನಿ ಕಲ್ಲು ಹೋಗಿದೆ. ಹುರುಳಿಕಟ್ಟಿನ ಸಾರು, ಎಳನೀರು, ನಿಂಬೆ ಪಾನಕ. ಮೂತ್ರ ಕ್ಷಾರೀಯ ಆದರೆ ಕಲ್ಲು ಕರಗುತ್ತದೆ.

ದಾವಣಗೆರೆ ಲ್ಯಾಬ್
ಈ ಮಗುವಿನ ಮೂತ್ರ ಈಗಾಗಲೇ ಕ್ಷಾರೀಯ ಮಾರಾಯ್ರೇ! ತೊಂದರೆ ಇರುವುದೇ ಅಲ್ಲಿ. ಕ್ಯಾಲ್ಸಿಯಂ ಫಾಸ್ಫೇಟ್ ಕೂರುವುದು ಅಂಥ ಮೂತ್ರದಲ್ಲೇ.

ಶಿರಸಿ ಸೀಮೆ
ಹಾಗಾದರೆ ಡಾಕ್ಟರು ಮತ್ತೆ ಯಾಕೆ ಕ್ಷಾರವನ್ನೇ ಕೊಡುತ್ತಾರೆ? ಸೋಡಾ, ಸಿಟ್ರೇಟು ಎಲ್ಲ ಕ್ಷಾರವೇ ಅಲ್ವಾ? ಉತ್ತರ ಕೊಡಿ ನೋಡೋಣ.

ಮಕ್ಕಳ ವಾರ್ಡ್
ಒಳ್ಳೆಯ ಪ್ರಶ್ನೆ. ಅವರು ಸರಿಮಾಡುವುದು ಮೂತ್ರವನ್ನಲ್ಲ, ರಕ್ತವನ್ನು. ರಕ್ತದ ಆಸಿಡ್ ತಗ್ಗಿದರೆ ಮೂಳೆ ಕರಗುವುದು ನಿಲ್ಲುತ್ತದೆ, ಮೂತ್ರಕ್ಕೆ ಬರುವ ಕ್ಯಾಲ್ಸಿಯಂ ಇಳಿಯುತ್ತದೆ, ಸಿಟ್ರೇಟ್ ಏರುತ್ತದೆ. ಮೂತ್ರದ ಪಿಎಚ್ ಎತ್ತರದಲ್ಲೇ ಇದ್ದರೂ ಹೊಸ ಸುಣ್ಣ ಕೂರುವುದು ಕಡಿಮೆಯಾಗುತ್ತದೆ. ಈಗಾಗಲೇ ಕೂತದ್ದು ಮಾತ್ರ ಸಾಮಾನ್ಯವಾಗಿ ಹೋಗುವುದಿಲ್ಲ.

ನಿಂಬೆ ರಸದಲ್ಲಿ ಇರುವುದು ಬಹುಪಾಲು ಸಿಟ್ರಿಕ್ ಆಸಿಡ್. ಪೊಟ್ಯಾಸಿಯಂ ಸಿಟ್ರೇಟಿನಷ್ಟು ಕ್ಷಾರ ಅದರಿಂದ ಸಿಗುವುದಿಲ್ಲ. ಎಳನೀರಲ್ಲಿ ಪೊಟ್ಯಾಸಿಯಂ ಇದೆ ನಿಜ. ಆದರೆ ಈ ಮಗುವಿಗೆ ಬೇಕಾದ ಅಳತೆ ಎಳನೀರಲ್ಲಿ ತುಂಬಿಕೊಡೋಕೆ ಹೋದರೆ ಮಗು ಬೇರೇನೂ ತಿನ್ನುವುದಿಲ್ಲ.

ಜರ್ಮನಿ ಗೌಡ
ಯಾರೂ ಆಲ್ಕಲೈನ್ ವಾಟರ್ ಯಂತ್ರದ ಹೆಸರು ಎತ್ತಲಿಲ್ಲವಲ್ಲ ಅಂತ ಆಶ್ಚರ್ಯ 😄 ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ವಾರಕ್ಕೊಬ್ಬರು ಮಾರೋಕೆ ಬರುತ್ತಾರೆ.

ಶಿರಸಿ ಸೀಮೆ
ಬಾಳೆದಿಂಡನ್ನೂ ಆ ಯಂತ್ರವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಪಾವಗಡದ ಚಿಕ್ಕಪ್ಪ
ಎಲ್ಲರಿಗೂ ಥ್ಯಾಂಕ್ಸ್. ಅಣ್ಣನಿಗೆ ಓದಿ ಹೇಳಿದೆ. ಅವನದು ಒಂದೇ ಪ್ರಶ್ನೆ: ಔಷಧಿ ಸರಿಯಾಗಿ ಕೊಟ್ಟರೆ ಕಿವಿ ಉಳಿಯುತ್ತಾ? ಮಗು ಇನ್ನೂ ಎರಡು ಮಾತು ಸೇರಿಸಿ ಹೇಳುವುದಿಲ್ಲ. ಮನೆಯಲ್ಲಿ "ಅಪ್ಪನೂ ಲೇಟಾಗೇ ಮಾತಾಡಿದ್ದು" ಅಂತ ಸುಮ್ಮನಿದ್ದರು.

ಹಳೇ ತಲೆ
ಉಳಿಯುತ್ತೆ. ಕಾಯಿಲೆ ಗುಣವಾದರೆ ಎಲ್ಲ ಸರಿಹೋಗುತ್ತೆ.

ಮಾನಸಗಂಗೋತ್ರಿ
ಇಲ್ಲ, ಕ್ಷಮಿಸಿ. ಸುಳ್ಳು ಭರವಸೆ ಕೊಟ್ಟರೆ ಮಗುವಿಗೇ ನಷ್ಟ, ಅದಕ್ಕೆ ನೇರವಾಗಿ ಹೇಳುತ್ತಿದ್ದೇನೆ. ನಾನು ಆಡಿಯಾಲಜಿಸ್ಟ್. ಈ ಜೀನಿನಿಂದ ಬರುವ ಕಿವುಡುತನಕ್ಕೆ ಕ್ಷಾರದ ಔಷಧಿ ಏನೂ ಮಾಡುವುದಿಲ್ಲ. ರಕ್ತ ಪೂರ್ತಿ ಸರಿಯಾದರೂ ಕಿವಿಯ ತೊಂದರೆ ತನ್ನ ದಾರಿ ಹಿಡಿದು ಹೋಗುತ್ತದೆ. ಯಾಕೆಂದರೆ ಒಳಕಿವಿಯ ದ್ರವವನ್ನು ಹದದಲ್ಲಿಡುವ ಜಾಗದಲ್ಲೇ ಈ ಮಕ್ಕಳಿಗೆ ಕೆಲಸ ಮಾಡುವ ಬಿ1 ಇಲ್ಲ. ಬಾಯಿಯಿಂದ ಕೊಟ್ಟ ಸೋಡಾ ಅಲ್ಲಿನ ಪಂಪನ್ನು ತಂದುಕೊಡುವುದಿಲ್ಲ.

ಬೆರಾ ಮುಂದೂಡಬೇಡಿ. ಮಗುವಿಗೆ ನಿದ್ದೆ ಬರಿಸಿ ತಲೆಗೆ ಮೂರ್ನಾಲ್ಕು ವೈರ್ ಅಂಟಿಸಿ ಕಿವಿಗೆ ಟಿಕ್ ಟಿಕ್ ಶಬ್ದ ಕೊಡುತ್ತಾರೆ. ನೋವಿಲ್ಲ. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಗ್ಗೆ ಬೇಗ ಎಬ್ಬಿಸಿ ಕರೆದುಕೊಂಡು ಹೋದರೆ ಕೆಲಸ ಸುಲಭ. ಬಸ್ಸಿನಲ್ಲಿ ನಿದ್ದೆ ಮಾಡೋಕೆ ಬಿಡಬೇಡಿ, ಅಲ್ಲಿ ಮುಟ್ಟಿದ ಮೇಲೆ ಕಣ್ಣು ಮುಚ್ಚುವುದಿಲ್ಲ. ನಮ್ಮಲ್ಲಿ ಅರ್ಧ ಟೆಸ್ಟ್ ವಾಪಸ್ ಹೋಗುವುದು ಇದೇ ಕಾರಣಕ್ಕೆ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಶ್ರವಣ ಸಾಧನ, ಮಾತಿನ ತರಬೇತಿ ಎಲ್ಲ ಒಂದೇ ಆವರಣದಲ್ಲಿ ಇದೆ. ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ಸಾಧನ) ಬೇಕಾದರೆ ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಪ್ ಯೋಜನೆಯಲ್ಲಿ ನೆರವು ಇದೆ, ಅದಕ್ಕೆ ವಯಸ್ಸಿನ ಮಿತಿಯೂ ಇದೆ. ಎರಡೂವರೆ ವರ್ಷ ಅಂದರೆ ಒಂದು ತಿಂಗಳೂ ಸುಮ್ನೆ ಕಳೆಯುವ ಹಾಗಿಲ್ಲ.

ಮಾನಸಗಂಗೋತ್ರಿ
ಇನ್ನೊಂದು ಸೇರಿಸುತ್ತೇನೆ. ಈ ಮಕ್ಕಳಲ್ಲಿ ಹಲವರಿಗೆ ಒಳಕಿವಿಯ ವೆಸ್ಟಿಬ್ಯುಲರ್ ಅಕ್ವಿಡಕ್ಟ್ ಅನ್ನುವ ಕಾಲುವೆ ಅಗಲವಾಗಿರುತ್ತದೆ. ಅಂಥವರಿಗೆ ತಲೆಗೆ ಸಣ್ಣ ಪೆಟ್ಟು ಬಿದ್ದರೂ ಕೇಳುವುದು ಧಿಡೀರ್ ಅಂತ ಇಳಿಯಬಹುದು. ಕಿವಿಯ ಸ್ಕ್ಯಾನ್ ಬರೆದರೆ ಮಾಡಿಸಿ.

ಜೀವಕೋಶ
ಕಿವಿಯ ಕತೆ ವಿಚಿತ್ರ. ಇಲಿಗಳಲ್ಲಿ ಬಿ1 ಜೀನ್ ತೆಗೆದು ನೋಡಿದಾಗ ಮೊದಲು ಅವುಗಳ ಕಿವಿ ಚೆನ್ನಾಗಿಯೇ ಇತ್ತು. ಮುಂದೆ ಬೇರೊಂದು ತಳಿಯ ಇಲಿಯಲ್ಲಿ ಇದೇ ಜೀನ್ ಕೆಟ್ಟಾಗ ಕಿವುಡಾಯಿತು. ಅಂದರೆ ಉಳಿದ ಜೀನ್‌ಗಳ ಕೈವಾಡವೂ ಇದೆ. ಇನ್ನೊಂದು ಜೀನ್, ಅಂದರೆ ಎಟಿಪಿ6ವಿ0ಎ4 ಕೆಟ್ಟವರಿಗೆ ಕಿವಿ ಸರಿಯಾಗಿರುತ್ತದೆ ಅಂತ ಮೊದಲು ಬರೆದಿದ್ದರು. ಅವರಲ್ಲೂ ಹಲವರಿಗೆ ತಡವಾಗಿ ಕೇಳಿಸುವುದು ಕಡಿಮೆಯಾಗುತ್ತದೆ ಅಂತ ಆಮೇಲೆ ತಿಳಿಯಿತು. ಹಾಗಾಗಿ ಜೀನ್ ರಿಪೋರ್ಟಿನಲ್ಲಿ ಯಾವುದು ಬಂದರೂ ಕಿವಿ ನೋಡಿಸುತ್ತಿರಬೇಕು.

ಹುಬ್ಬಳ್ಳಿ ಅಮ್ಮ
ಬಹಳ ದಿನದಿಂದ ಇಲ್ಲಿ ಬರೆದಿರಲಿಲ್ಲ, ಇದನ್ನು ನೋಡಿ ತಡೆಯೋಕೆ ಆಗಲಿಲ್ಲ. ನನ್ನ ಮಗನಿಗೆ ಇದೇ ಕಾಯಿಲೆ, ಇದೇ ಜೀನ್. ಈಗ ಪಿಯುಸಿ. ಹೆದರಬೇಡ್ರಿ ಅಣ್ಣಾ. ಅವನಿಗೂ ಕಾಲು ಸೊಟ್ಟ ಇತ್ತು, ಔಷಧಿ ಶುರುವಾದ ಮೇಲೆ ತಾನಾಗೇ ನೆಟ್ಟಗಾಯಿತು, ಆಪರೇಷನ್ ಬೇಕಾಗಲಿಲ್ಲ. ಎತ್ತರದಲ್ಲಿ ತರಗತಿಯ ನಡುವಿನ ಸಾಲಿನವನು. ಒಂದು ಕಿವಿಗೆ ಇಂಪ್ಲಾಂಟ್ ಇದೆ, ಇನ್ನೊಂದಕ್ಕೆ ಮಷಿನ್. ಮಾತು ಚೆನ್ನಾಗಿದೆ, ಎದುರು ಮಾತು ಇನ್ನೂ ಚೆನ್ನಾಗಿದೆ.

ಔಷಧಿ ಕೊಡುವುದೇ ದೊಡ್ಡ ಕೆಲಸ. ಪೊಟ್ಯಾಸಿಯಂ ಸಿಟ್ರೇಟ್ ಸಿರಪ್ ಹಾಗೇ ಕೊಟ್ಟರೆ ಉಪ್ಪುಪ್ಪು, ಹುಳಿ, ಗಂಟಲು ಉರಿ. ಚಮಚ ನೋಡಿದರೆ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದ. ಊಟ ಆದ ಮೇಲೆ, ಅರ್ಧ ಲೋಟ ತಣ್ಣೀರಿಗೆ ಹಾಕಿ, ಸ್ಟ್ರಾದಲ್ಲಿ ಕುಡಿಸಿದ ಮೇಲೆ ದಾರಿಗೆ ಬಂದ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ ಖಂಡಿತ. ಸ್ಕೂಲಿನಲ್ಲಿ ಮಧ್ಯಾಹ್ನದ ಡೋಸ್‌ಗೆ ಟೀಚರ್ ಒಬ್ಬರು ಜವಾಬ್ದಾರಿ ತೆಗೆದುಕೊಂಡರು. ಅವರು ಬೇರೆ ಊರಿಗೆ ವರ್ಗ ಆದ ವರ್ಷ ಇವನು ಡೋಸನ್ನು ಸ್ಕೂಲ್ ಹಿಂದಿನ ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದ. ರಕ್ತದ ರಿಪೋರ್ಟ್ ಬಂದ ಮೇಲೆ ಸಿಕ್ಕಿಬಿದ್ದ.

ಒಂದು ಸಂಗತಿ ಮರೆಯಬೇಡಿ. ಇವನಿಗೆ ಸಣ್ಣವನಿದ್ದಾಗ ಒಮ್ಮೆ ಜೋರು ಭೇದಿ ಆಯಿತು. ಕೈಕಾಲು ಎತ್ತೋಕೆ ಆಗಲಿಲ್ಲ. ಒಂದು ನರ್ಸಿಂಗ್ ಹೋಮ್‌ನಲ್ಲಿ ರಕ್ತ ಆಸಿಡ್ ಆಗಿದೆ ಅಂತ ಮೊದಲು ಬರೀ ಸೋಡಾ ಡ್ರಿಪ್ ಹಾಕಿದರು. ಇನ್ನೂ ಸೋತು ಹೋದ, ಕತ್ತೂ ನಿಲ್ಲಲಿಲ್ಲ. ದೊಡ್ಡ ಆಸ್ಪತ್ರೆಗೆ ಓಡಿದ ಮೇಲೆ ಪೊಟ್ಯಾಸಿಯಂ ಹಾಕಿ ಎಬ್ಬಿಸಿದರು. ಅಂದಿನಿಂದ ನನ್ನ ಪರ್ಸಿನಲ್ಲಿ ಡಾಕ್ಟರ್ ಬರೆದುಕೊಟ್ಟ ಒಂದು ಚೀಟಿ ಇರುತ್ತದೆ, "ಮೊದಲು ಪೊಟ್ಯಾಸಿಯಂ ನೋಡಿ" ಅಂತ.

ಮಕ್ಕಳ ವಾರ್ಡ್
ಅಕ್ಕ ಹೇಳಿದ್ದಕ್ಕೆ ಕಾರಣ ಇದೆ. ಕ್ಷಾರ ಕೊಟ್ಟ ತಕ್ಷಣ ರಕ್ತದ ಪೊಟ್ಯಾಸಿಯಂ ಜೀವಕೋಶಗಳ ಒಳಗೆ ಹೋಗುತ್ತದೆ. ಮೊದಲೇ 2.6 ಇದ್ದದ್ದು ಇನ್ನೂ ಇಳಿಯುತ್ತದೆ. ಸ್ನಾಯು ನಿಲ್ಲುತ್ತದೆ, ಹೃದಯದ ಬಡಿತ ತಪ್ಪಬಹುದು. ಆದ್ದರಿಂದ ಪೊಟ್ಯಾಸಿಯಂ ತುಂಬಾ ಕಡಿಮೆ ಇದ್ದರೆ ಮೊದಲು ಅದು, ಆಮೇಲೆ ಕ್ಷಾರ. ಮನೆಯಲ್ಲಿ ಅಡುಗೆ ಸೋಡಾ ಕಲಸಿ ಕೊಡೋಣ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ.

ಸುಮ್ನೆ ಓದುವವ
ನಾನು ಅದನ್ನೇ ಬರೆಯೋಕೆ ಹೊರಟಿದ್ದೆ 🙏

ಕಣ್ಣು ಒಣಗಿದವಳು
ಇದು ಮಕ್ಕಳಿಗೆ ಮಾತ್ರ ಅಂದುಕೊಳ್ಳಬೇಡಿ. ನನಗೆ ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಬಂತು. ಒಂದು ಬೆಳಗ್ಗೆ ಹಾಸಿಗೆಯಿಂದ ಏಳೋಕೆ ಆಗಲಿಲ್ಲ. ಪಾರ್ಶ್ವವಾಯು ಅಂದರು, ಭಯ ಅಂದರು, ದೃಷ್ಟಿ ಅಂದರು. ಪೊಟ್ಯಾಸಿಯಂ 1.9 ಇತ್ತು. ಹುಡುಕುತ್ತಾ ಹೋದರೆ ಶೋಗ್ರೆನ್ಸ್ ಅಂತ ಬಂತು. ಬಾಯಿ, ಕಣ್ಣು ಒಣಗುವುದನ್ನು ನಾನು ಸೆಕೆ ಅಂದುಕೊಂಡಿದ್ದೆ. ನನ್ನ ಜೀನ್ ಸರಿಯಾಗಿದೆ. ಮೈಯ ರಕ್ಷಣಾ ಪಡೆಯೇ ಕಿಡ್ನಿಯ ಆ ಕೋಶಗಳ ಮೇಲೆ ಬಿದ್ದಿದೆ. ದೊಡ್ಡವರಲ್ಲಿ ಡಿಸ್ಟಲ್ ಆರ್‌ಟಿಎ ಅಂದರೆ ಮೊದಲು ಇದನ್ನೇ ಹುಡುಕುತ್ತಾರಂತೆ.

ಹಳೇ ತಲೆ
ಈಗ ಅಸಲು ವಿಷಯಕ್ಕೆ ಬರೋಣ. ಸೋದರಮಾವನಿಗೆ ಕೊಡುವುದು ನಮ್ಮಲ್ಲಿ ತಲೆತಲಾಂತರದಿಂದ ಇದೆ. ಗೋತ್ರ ಬೇರೆ, ಮನೆತನ ಬೇರೆ. ಗೋತ್ರ ಬೇರೆ ಇದ್ದರೆ ರಕ್ತ ಬೇರೆ. ನಮ್ಮ ಮನೆಯಲ್ಲಿ ನಾಲ್ಕು ಜೋಡಿ ಹೀಗೇ ಇದ್ದಾರೆ, ಮಕ್ಕಳೆಲ್ಲ ಗಟ್ಟಿಮುಟ್ಟು. ಬ್ಲಡ್ ಗ್ರೂಪ್ ಬೇರೆ ಇದ್ದರೆ ಏನೂ ಆಗುವುದಿಲ್ಲ.

ಜೀವಕೋಶ
ಸಾರ್, ಗೋತ್ರ ಲೆಕ್ಕ ಹಾಕುವುದು ಅಪ್ಪನ ಕಡೆಯಿಂದ ಮಾತ್ರ. ಜೀನ್ ಬರುವುದು ಇಬ್ಬರ ಕಡೆಯಿಂದ. ಅಕ್ಕ, ತಮ್ಮ ಒಂದೇ ಅಪ್ಪ ಅಮ್ಮನ ಮಕ್ಕಳು. ಅಕ್ಕನ ಮಗಳ ಗೋತ್ರ ಬೇರೆ ಆಗಬಹುದು, ಆದರೆ ಅವಳ ಅರ್ಧ ಜೀನ್ ಅಕ್ಕನಿಂದಲೇ ಬಂದದ್ದು. ಸೋದರಮಾವ, ಅಕ್ಕನ ಮಗಳು ಮದುವೆಯಾದರೆ ಮಗುವಿನ ಜೀನ್‌ಗಳಲ್ಲಿ ಸರಾಸರಿ ಎಂಟರಲ್ಲಿ ಒಂದು ಪಾಲು ಎರಡೂ ಕಡೆಯಿಂದ ಒಂದೇ ಪ್ರತಿ ಬಂದಿರುತ್ತದೆ. ಅತ್ತೆ ಮಗ, ಮಾವನ ಮಗಳು ಆದರೆ ಹದಿನಾರರಲ್ಲಿ ಒಂದು. ಬ್ಲಡ್ ಗ್ರೂಪ್ ಅನ್ನುವುದು ಒಂದೆರಡು ಜೀನ್ ಅಷ್ಟೇ, ಉಳಿದ ಸಾವಿರಾರು ಜೀನ್ ಬಗ್ಗೆ ಅದು ಏನೂ ಹೇಳುವುದಿಲ್ಲ.

ಎಟಿಪಿ6ವಿ1ಬಿ1 ಕಾಯಿಲೆಗೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದ ಎರಡೂ ಪ್ರತಿ ಕೆಟ್ಟಿರಬೇಕು. ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದರೆ ಪ್ರತಿ ಬಸಿರಿನಲ್ಲೂ ನೂರಕ್ಕೆ 25 ಸಾಧ್ಯತೆ. ನಿಮ್ಮ ನಾಲ್ಕು ಜೋಡಿಗೆ ಏನೂ ಆಗಿಲ್ಲ ಅಂದರೆ ಆ ಮನೆಯಲ್ಲಿ ಅಂಥ ಪ್ರತಿ ಓಡಾಡುತ್ತಿಲ್ಲ, ಅಥವಾ ಅದೃಷ್ಟ ಚೆನ್ನಾಗಿದೆ.

ಹಳೇ ತಲೆ
ಹಾಗಾದರೆ ಸಂಬಂಧದಲ್ಲಿ ಮದುವೆಯಾದವರೆಲ್ಲ ತಪ್ಪಿತಸ್ಥರಾ? 2019-21ರ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ನೂರಕ್ಕೆ 27 ಮದುವೆ ಸಂಬಂಧದಲ್ಲೇ ಅಂತ ಪೇಪರಿನಲ್ಲಿ ಬಂದಿತ್ತು. ಅಷ್ಟೂ ಜನರನ್ನು ಕೂರಿಸಿ ಬೈಯ್ತೀರಾ?

ಹುಬ್ಬಳ್ಳಿ ಅಮ್ಮ
ಯಾರೂ ಬೈದಿಲ್ಲ ರೀ. ನಮ್ಮದು ಸಂಬಂಧವೇ ಅಲ್ಲ, ಅವರು ವಿಜಯಪುರದವರು, ನಾವು ಹಾವೇರಿಯವರು, ಮದುವೆಗೆ ಮುಂಚೆ ಮುಖ ನೋಡಿದವರಲ್ಲ. ನಮಗೂ ಬಂತು. ಇಬ್ಬರ ಜೀನಿನಲ್ಲೂ ಬೇರೆ ಬೇರೆ ಜಾಗ ಕೆಟ್ಟಿತ್ತು. ಆದರೂ ಮೊದಲ ವರ್ಷ ಅತ್ತೆ ನನ್ನ ತವರಿನ ಕಡೆ ಬೆರಳು ತೋರಿಸಿದ್ದೇ ತೋರಿಸಿದ್ದು. ಇಬ್ಬರಿಂದಲೂ ಒಂದೊಂದು ಬಂದಿದೆ ಅಂತ ರಿಪೋರ್ಟ್ ಬಂದ ದಿನ ಅದನ್ನು ಲ್ಯಾಮಿನೇಟ್ ಮಾಡಿಸೋಣ ಅನಿಸಿತ್ತು. ಚಿಕ್ಕಪ್ಪ ಅವರೇ, ನಿಮ್ಮ ಅತ್ತಿಗೆಯ ಪಕ್ಕ ನಿಲ್ಲಿ. ಜಗಳದಲ್ಲಿ ಎಲ್ಲ ಅವಳ ತಲೆಗೇ ಬರುತ್ತದೆ.

ಪಾವಗಡದ ಚಿಕ್ಕಪ್ಪ
ನಮ್ಮಲ್ಲಿ ಅದು ಇನ್ನೂ ಸಿಕ್ಕು ಅಕ್ಕ. ಅತ್ತೆಯೇ ಅಜ್ಜಿ, ಎರಡೂ ಕಡೆ ಅವರದೇ ರಕ್ತ. ಯಾರ ಕಡೆ ಬೆರಳು ತೋರಿಸಬೇಕು ಅಂತ ನಮ್ಮಮ್ಮನಿಗೇ ಗೊತ್ತಾಗುತ್ತಿಲ್ಲ.

ಜರ್ಮನಿ ಗೌಡ
😂 ಕ್ಷಮಿಸಿ, ನಗಬಾರದಿತ್ತು.

ಸಂಬಂಧದ ಮದುವೆ ನಮ್ಮಲ್ಲಿ ಮಾತ್ರ ಅಲ್ಲ. ಟ್ಯುನಿಶಿಯಾ, ಮೊರಾಕೊ, ಅಲ್ಜೀರಿಯಾ ಕಡೆಯ ಕುಟುಂಬಗಳಲ್ಲಿ ಈ ಜೀನಿನ ಒಂದೇ ತಪ್ಪು ಮತ್ತೆ ಮತ್ತೆ ಸಿಗುತ್ತದೆ, ಹಿಂದೆಂದೋ ಒಬ್ಬ ಪೂರ್ವಜನಿಂದ ಬಂದದ್ದು. ಇಲ್ಲಿ ನನ್ನ ಸಹೋದ್ಯೋಗಿಯ ಮಗುವಿಗೆ ಅದೇ. ಯುರೋಪಿನಲ್ಲಿ 2021ರಲ್ಲಿ ಒಂದು ಹೊಸ ಔಷಧಿಗೆ ಒಪ್ಪಿಗೆ ಸಿಕ್ಕಿದೆ. ಪೊಟ್ಯಾಸಿಯಂ ಸಿಟ್ರೇಟ್, ಬೈಕಾರ್ಬನೇಟ್ ಎರಡೂ ಸಣ್ಣ ಕಾಳುಗಳಲ್ಲಿ, ನಿಧಾನವಾಗಿ ಬಿಡುಗಡೆಯಾಗುತ್ತದೆ. ದಿನಕ್ಕೆ ಎರಡು ಸಲ ಸಾಕು.

ಹುಬ್ಬಳ್ಳಿ ಅಮ್ಮ
ದಿನಕ್ಕೆ ಎರಡು ಸಲ! ಓದಿಯೇ ಹೊಟ್ಟೆ ಉರಿಯಿತು.

ಮಕ್ಕಳ ವಾರ್ಡ್
ಹೊಸ ಔಷಧಿ ಇಲ್ಲದಿದ್ದರೂ ಹಳೆಯದೇ ಕೆಲಸ ಮಾಡುತ್ತದೆ, ಬಿಡದೆ ಕೊಟ್ಟರೆ. ತೊಂದರೆ ಆಗುವುದು ಅಲ್ಲೇ. 29 ದೇಶಗಳ 340 ರೋಗಿಗಳನ್ನು ನೋಡಿದ ಒಂದು ಅಧ್ಯಯನ 2019ರಲ್ಲಿ ಬಂತು. ಅದರಲ್ಲಿ ರಕ್ತದ ಆಸಿಡ್ ಹತೋಟಿಯಲ್ಲಿ ಇದ್ದದ್ದು ಸುಮಾರು ಅರ್ಧದಷ್ಟು ಜನರಿಗೆ ಮಾತ್ರ. ದೊಡ್ಡವರಾದ ಮೇಲೆ ಬಹುಪಾಲು ಜನರ ಕಿಡ್ನಿಯ ಕೆಲಸ ಸ್ವಲ್ಪವಾದರೂ ಇಳಿದಿತ್ತು. ಡಯಾಲಿಸಿಸ್ ತನಕ ಹೋದವರು ಕಡಿಮೆ. ವಾಸಿಯಾಗುತ್ತಾ ಅಂತ ಕೇಳಿದ್ದಿರಿ. ಔಷಧಿ ಜೀವನಪೂರ್ತಿ. ಆದರೆ ತೆಗೆದುಕೊಂಡರೆ ಮಗು ಬೆಳೆಯುತ್ತದೆ, ಓದುತ್ತದೆ, ಮದುವೆಯಾಗುತ್ತದೆ.

ಜೀನ್ ಟೆಸ್ಟಿನ ದುಡ್ಡು ಹೊಂದಿಸೋಕೆ ಅಂತ ಔಷಧಿ ತಡ ಮಾಡಬೇಡಿ. ಔಷಧಿಗೆ ಜೀನ್ ರಿಪೋರ್ಟ್ ಬೇಕಿಲ್ಲ. ಮುಂದಿನ ಮಗುವಿನ ಯೋಚನೆ ಇದ್ದರೆ ಮಾತ್ರ ಅದಕ್ಕೆ ಮುಂಚೆಯೇ ಮಾಡಿಸಿ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ, ಅಲ್ಲಿ ಕೌನ್ಸೆಲಿಂಗ್ ಕೂಡ ಸಿಗುತ್ತದೆ.

ಸುಮ್ನೆ ಓದುವವ
ಒಂದೇ ಪ್ರತಿ ಕೆಟ್ಟಿರುವ ಅಪ್ಪ ಅಮ್ಮನಿಗೆ ಏನೂ ಆಗಲ್ವಾ?

ಜೀವಕೋಶ
ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕೆಲವರಿಗೆ ಮೂತ್ರ ಪೂರ್ತಿ ಆಸಿಡ್ ಆಗದೆ ಕಲ್ಲಿನ ತೊಂದರೆ ಬರುವುದನ್ನು ನೋಡಿದ್ದಾರೆ.

ಪಾವಗಡದ ಚಿಕ್ಕಪ್ಪ
ಅಣ್ಣನಿಗೆ ಹೋದ ವರ್ಷ ಕಲ್ಲು ಬಂದಿತ್ತು.

ಶಿರಸಿ ಸೀಮೆ
ಅವರಿಗಾದರೂ ಬಾಳೆದಿಂಡು ಕೊಡಬಹುದಾ, ಅಥವಾ ಅದಕ್ಕೂ ಲ್ಯಾಬ್‌ನವರ ಅಪ್ಪಣೆ ಬೇಕಾ?

ದಾವಣಗೆರೆ ಲ್ಯಾಬ್
ಕಲ್ಲು ಸಿಕ್ಕಿದ್ದರೆ ಎಸೆಯಬೇಡಿ, ಯಾವ ಬಗೆ ಅಂತ ಪರೀಕ್ಷೆಗೆ ಕೊಡಿ. ಫಾಸ್ಫೇಟೋ ಆಕ್ಸಲೇಟೋ ಗೊತ್ತಾದ ಮೇಲೆ ಪಲ್ಯ ಮಾಡಿಕೊಂಡು ತಿನ್ನಿ, ಯಾರು ಬೇಡ ಅಂದರು.

ಮೆಡಿಕಲ್ ಸ್ಟೋರ್ ಮಂಜ
ಅಂಗಡಿ ಕಡೆಯಿಂದ ಒಂದು ಎಚ್ಚರಿಕೆ. ಉರಿಮೂತ್ರದ ಸಿರಪ್‌ಗಳಲ್ಲಿ ಎರಡು ಮೂರು ಬಗೆ ಇವೆ. ಕೆಲವದರಲ್ಲಿ ಪೊಟ್ಯಾಸಿಯಂ ಸಿಟ್ರೇಟ್ ಇರುತ್ತದೆ. ಕೆಲವದರಲ್ಲಿ ಡೈಸೋಡಿಯಂ ಹೈಡ್ರೋಜನ್ ಸಿಟ್ರೇಟ್ ಇರುತ್ತದೆ, ಅದರಲ್ಲಿ ಪೊಟ್ಯಾಸಿಯಂ ಒಂದು ಹನಿಯೂ ಇಲ್ಲ. ಬಾಟಲಿ, ಬಣ್ಣ ಎಲ್ಲ ಒಂದೇ ತರಹ. ಬರೆದದ್ದು ಸ್ಟಾಕ್ ಇಲ್ಲದಿದ್ದರೆ "ಅದೇ ಇದು" ಅಂತ ಕೊಡುವ ಹುಡುಗರು ಎಲ್ಲ ಅಂಗಡಿಯಲ್ಲೂ ಇರುತ್ತಾರೆ, ನಮ್ಮಲ್ಲೂ ಇದ್ದ. ಹೆಸರು ನೋಡಬೇಡಿ, ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದು ನೋಡಿ. ಪೊಟ್ಯಾಸಿಯಂ ಸಿಟ್ರೇಟ್ 1100 ಮಿ.ಗ್ರಾಂ, ಸಿಟ್ರಿಕ್ ಆಸಿಡ್ 334 ಮಿ.ಗ್ರಾಂ ಅಂತ 5 ಎಂಎಲ್‌ಗೆ ಇದ್ದರೆ ಒಂದು ಎಂಎಲ್‌ಗೆ 2 ಮಿಲಿ ಈಕ್ವಿವಲೆಂಟ್ (ಡಾಕ್ಟರು ಡೋಸ್ ಲೆಕ್ಕ ಹಾಕುವ ಅಳತೆ) ಪೊಟ್ಯಾಸಿಯಂ. ಸೋಡಾ ಮಾತ್ರೆ 500 ಮಿ.ಗ್ರಾಂ ಅಂದರೆ ಸುಮಾರು 6 ಮಿಲಿ ಈಕ್ವಿವಲೆಂಟ್ ಕ್ಷಾರ. ಡಾಕ್ಟರು ತೂಕದ ಲೆಕ್ಕದಲ್ಲಿ ಬರೆದಿರುತ್ತಾರೆ, ಬ್ರ್ಯಾಂಡ್ ಬದಲಾದರೆ ಎಂಎಲ್ ಕೂಡ ಬದಲಾಗಬಹುದು.

ಪಾವಗಡದ ಚಿಕ್ಕಪ್ಪ
ಈಗಲೇ ಬಾಟಲಿ ತಿರುಗಿಸಿ ನೋಡಿದೆ. ಡೈಸೋಡಿಯಂ ಅಂತ ಇದೆ.

ಮೆಡಿಕಲ್ ಸ್ಟೋರ್ ಮಂಜ
ಚೀಟಿಯಲ್ಲಿ ಏನು ಬರೆದಿದ್ದಾರೆ?

ಪಾವಗಡದ ಚಿಕ್ಕಪ್ಪ
ಪೊಟ್ಯಾಸಿಯಂ ಸಿಟ್ರೇಟ್.

ಮಕ್ಕಳ ವಾರ್ಡ್
ಇವತ್ತೇ ಬದಲಾಯಿಸಿ. ಡಾಕ್ಟರಿಗೂ ಫೋನ್ ಮಾಡಿ ಹೇಳಿ, ಪೊಟ್ಯಾಸಿಯಂ ಮತ್ತೆ ನೋಡಬೇಕು ಅನ್ನಬಹುದು. ಮಗು ಸೋತಂತೆ ಕಂಡರೆ, ಕತ್ತು ಜೋತು ಬಿದ್ದರೆ ಕಾಯಬೇಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಮುಂದೆ ಫಾಲೋ ಅಪ್‌ಗೆ ಹೋಗುವಾಗ ಬೆಳಗಿನ ಡೋಸ್ ಕೊಡುವ ಮುಂಚೆ ರಕ್ತ ತೆಗೆಸಿ, ರಾತ್ರಿಯಿಡೀ ಔಷಧಿ ತಾಳಿತಾ ಅಂತ ಆಗಲೇ ತಿಳಿಯುವುದು.

ದಾವಣಗೆರೆ ಲ್ಯಾಬ್
ರಕ್ತ ತೆಗೆಯುವಾಗ ಕೈ ಹಿಂಡಬೇಡಿ ಅಂತ ಹೇಳಿ. ಮಗು ಅತ್ತು ಒದ್ದಾಡಿ, ಬೆರಳು ಹಿಂಡಿ ತೆಗೆದ ರಕ್ತದಲ್ಲಿ ಕಣಗಳು ಒಡೆದು ಪೊಟ್ಯಾಸಿಯಂ ಸುಳ್ಳೇ ಜಾಸ್ತಿ ತೋರಿಸುತ್ತದೆ. 2.6 ಇರುವುದು 3.8 ಅಂತ ಬಂದರೆ ಎಲ್ಲರೂ ಸರಿಹೋಯಿತು ಅಂದುಕೊಳ್ಳುತ್ತಾರೆ. ರಿಪೋರ್ಟಿನ ಕೆಳಗೆ ಹೀಮೊಲೈಸ್ಡ್ ಅಂತ ಇದ್ದರೆ ಇನ್ನೊಂದು ಸಲ ತೆಗೆಸಿ, ಸಂಕೋಚ ಬೇಡ.